ಎಎಂಎ ವೃತ್ತಿಪರ ರೇಸಿಂಗ್ ಮಾರಾಟ ಮತ್ತು ಅಭಿಮಾನಿಗಳು

ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ (ಎಎಂಎ) ತನ್ನ ವೃತ್ತಿಪರ ಮೋಟಾರ್‌ಸೈಕಲ್ ರೇಸಿಂಗ್‌ನ ಹಕ್ಕುಗಳನ್ನು ಡೇಟೋನಾ ಮೋಟಾರ್‌ಸ್ಪೋರ್ಟ್ಸ್ ಗ್ರೂಪ್ (ಡಿಎಂಜಿ) ಎಂಬ ಖಾಸಗಿ ಸಂಸ್ಥೆಗೆ ಮಾರಿದ್ದು 2008ರಲ್ಲಿ. ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ, ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಬೈಕ್ ವೀಕ್ ಜಾತ್ರೆ ಸೇರಿದ್ದಾಗಲೇ ಸುದ್ದಿ ಹೊರಬಿತ್ತು. ಸೂಪರ್‌ಬೈಕ್ ರೋಡ್ ರೇಸಿಂಗ್, ಹೊರಾಂಗಣ ಮೋಟೋಕ್ರಾಸ್, ಫ್ಲಾಟ್ ಟ್ರ್ಯಾಕ್, ಸೂಪರ್‌ಮೋಟೋ, ಹಿಲ್‌ಕ್ಲೈಂಬ್ ಎಲ್ಲವೂ ಒಂದೇ ಗಂಟಿನಲ್ಲಿ ಕೈ ಬದಲಾದವು. ಕ್ರೀಡಾಂಗಣಗಳಲ್ಲಿ ನಡೆಯುವ ಸೂಪರ್‌ಕ್ರಾಸ್ ಮಾತ್ರ ಈ ವ್ಯವಹಾರದಿಂದ ಹೊರಗಿತ್ತು. ಹವ್ಯಾಸಿ ರೇಸಿಂಗ್, ಸವಾರರ ಹಕ್ಕುಗಳ ಪರವಾದ ಹೋರಾಟ ಮತ್ತು ಸದಸ್ಯತ್ವದ ಕೆಲಸ ಎಎಂಎ ಬಳಿಯೇ ಉಳಿದವು.

ಮೋಟಾರು ಕ್ರೀಡೆಯಲ್ಲಿ ಹಕ್ಕುಗಳು ಮಾರಾಟವಾಗುವುದು ಹೊಸದೇನಲ್ಲ. ಆದರೂ ಈ ಮಾರಾಟಕ್ಕೆ ಬಂದಷ್ಟು ಕಹಿಯಾದ, ದೀರ್ಘವಾದ ಪ್ರತಿಕ್ರಿಯೆ ಬೇರೆ ಕಡೆ ಕಡಿಮೆ. ಅದಕ್ಕೆ ಕಾರಣ ಮಾರಿದ ಸಂಸ್ಥೆಯ ಸ್ವರೂಪದಲ್ಲಿದೆ.

ಎಎಂಎ ಹುಟ್ಟಿದ್ದು 1924ರಲ್ಲಿ, ಬೈಕ್ ತಯಾರಕರ ವ್ಯಾಪಾರಿ ಒಕ್ಕೂಟದ ಆಸರೆಯಲ್ಲಿ. ಕ್ರಮೇಣ ಅದು ಸವಾರರ ಸಂಘವಾಗಿ ಬೆಳೆಯಿತು. ಓಹಾಯೋದ ಪಿಕರಿಂಗ್‌ಟನ್‌ನಲ್ಲಿ ಕಚೇರಿ, ದೇಶದ ತುಂಬ ಸ್ಥಳೀಯ ಕ್ಲಬ್ಬುಗಳು, ವರ್ಷವರ್ಷ ಶುಲ್ಕ ಕಟ್ಟುವ ಲಕ್ಷಗಟ್ಟಲೆ ಸದಸ್ಯರು. ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಹವ್ಯಾಸಕ್ಕೆ ಬೈಕ್ ಓಡಿಸುವ ಹುಡುಗನ ಜೇಬಿನಲ್ಲೂ, ರಾಷ್ಟ್ರೀಯ ಚಾಂಪಿಯನ್ನನ ಜೇಬಿನಲ್ಲೂ ಅದೇ ಸಂಘದ ಕಾರ್ಡು. ಹೀಗಾಗಿ ರೇಸು ನೋಡಲು ಬರುವವನು ತನ್ನನ್ನು ಬರೀ ಟಿಕೆಟ್ ಕೊಂಡ ಪ್ರೇಕ್ಷಕ ಎಂದುಕೊಂಡಿರಲಿಲ್ಲ, ಮಾಲೀಕರಲ್ಲಿ ಒಬ್ಬ ಎಂದುಕೊಂಡಿದ್ದ. ಮಾರಾಟದ ಸುದ್ದಿ ಅವನಿಗೆ, ತನ್ನ ಸಹಿ ಇಲ್ಲದೆ ಪಿತ್ರಾರ್ಜಿತ ಜಮೀನಿನ ಕ್ರಯಪತ್ರವಾದಂತೆ ಕೇಳಿಸಿತು. ಕಾನೂನಿನ ದೃಷ್ಟಿಯಲ್ಲಿ ನಿರ್ಧಾರ ನಿರ್ದೇಶಕ ಮಂಡಳಿಯದು, ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅಭಿಮಾನಿಯ ಲೆಕ್ಕ ಬೇರೆಯೇ ಆಗಿತ್ತು.

ಮಾರಾಟವಾದ ಸೊತ್ತಿನ ಹಿರಿಮೆಯೂ ಸಣ್ಣದಲ್ಲ. 1937ರಲ್ಲಿ ಸಮುದ್ರ ತೀರದ ಮರಳು ಮತ್ತು ಪಕ್ಕದ ಡಾಂಬರು ರಸ್ತೆ ಸೇರಿಸಿ ಶುರುವಾದ ಡೇಟೋನಾ 200, 1961ರಲ್ಲಿ ಡೇಟೋನಾ ಸ್ಪೀಡ್‌ವೇಗೆ ಸ್ಥಳಾಂತರವಾಯಿತು. 1954ರಲ್ಲಿ ಆರಂಭವಾದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್‌ಶಿಪ್ಪಿನಲ್ಲಿ ಒಬ್ಬನೇ ಸವಾರ ಮೈಲಿ, ಅರ್ಧ ಮೈಲಿ, ಶಾರ್ಟ್ ಟ್ರ್ಯಾಕ್, ಟಿಟಿ ಮತ್ತು ರೋಡ್ ರೇಸ್ ಐದರಲ್ಲೂ ಅಂಕ ಗಳಿಸಬೇಕಿತ್ತು. ಕೆನ್ನಿ ರಾಬರ್ಟ್ಸ್ ಆ ಗರಡಿಯಿಂದ ಎದ್ದು ಯುರೋಪಿಗೆ ಹೋಗಿ 500 ಸಿಸಿ ವಿಶ್ವಕಿರೀಟ ತಂದ. 1976ರಲ್ಲಿ ಶುರುವಾದ ಸೂಪರ್‌ಬೈಕ್ ಸರಣಿಯ ಮೊದಲ ಚಾಂಪಿಯನ್ ರೆಜ್ ಪ್ರಿಡ್ಮೋರ್, ಬಿಎಂಡಬ್ಲ್ಯು ಬೈಕಿನ ಮೇಲೆ. ಆಮೇಲೆ ಎಡ್ಡಿ ಲಾಸನ್, ಫ್ರೆಡ್ಡಿ ಸ್ಪೆನ್ಸರ್, ವೇಯ್ನ್ ರೇನಿ. 2002ರಲ್ಲಿ ಎಎಂಎ ಸೂಪರ್‌ಬೈಕ್ ಗೆದ್ದ ನಿಕ್ಕಿ ಹೇಡನ್ 2006ರಲ್ಲಿ ಮೋಟೋಜಿಪಿ ಚಾಂಪಿಯನ್. ಲೋಕಕ್ಕೆ ಸವಾರರನ್ನು ಕೊಟ್ಟ ಸರಣಿ ಇದು ಎಂಬ ಹೆಮ್ಮೆ ಅಭಿಮಾನಿಗಳಿಗಿತ್ತು, ಆ ಹೆಮ್ಮೆ ಸುಳ್ಳೂ ಅಲ್ಲ.

ಹಾಗಿದ್ದರೆ ಮಾರಿದ್ದೇಕೆ? ರೇಸು ನಡೆಸುವುದು ಎಎಂಎಗೆ ವರ್ಷಗಳಿಂದ ತಲೆನೋವಾಗಿತ್ತು. ಸೂಪರ್‌ಕ್ರಾಸ್ ಆಯೋಜನೆಯ ವಿಚಾರದಲ್ಲಿ 2000ದ ದಶಕದ ಆರಂಭದಲ್ಲಿ ದೊಡ್ಡ ದೊಡ್ಡ ಮನರಂಜನಾ ಕಂಪನಿಗಳ ಕಾದಾಟದ ನಡುವೆ ಸಿಕ್ಕಿ ಅದು ಕೋರ್ಟು ಕಚೇರಿ ಸುತ್ತಬೇಕಾಯಿತು. ನಿಯಮ ಮಾಡುವವರೂ ತಾವೇ, ವ್ಯಾಪಾರ ಮಾಡುವವರೂ ತಾವೇ ಎಂಬ ಇಕ್ಕಟ್ಟು ಬೇರೆ. 2005ರಲ್ಲಿ ಟೈರುಗಳ ಸುರಕ್ಷತೆಯ ಕಾರಣ ಕೊಟ್ಟು ಡೇಟೋನಾ 200ರಿಂದ 1000 ಸಿಸಿ ಸೂಪರ್‌ಬೈಕುಗಳನ್ನು ತೆಗೆದು 600 ಸಿಸಿ ದರ್ಜೆಗೆ ಇಳಿಸಿದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಇದನ್ನು ನೆನಪಿಡಬೇಕು: ಡಿಎಂಜಿ ಬರುವ ಮೂರು ವರ್ಷ ಮೊದಲೇ ದೇಶದ ಅತಿ ಪ್ರಸಿದ್ಧ ರೇಸಿನ ತೂಕ ಇಳಿದಿತ್ತು, ಇಳಿದದ್ದು ಎಎಂಎ ಕಾಲದಲ್ಲಿ. 2007ರಲ್ಲಿ ಅಧ್ಯಕ್ಷರಾಗಿ ಬಂದ ರಾಬ್ ಡಿಂಗ್‌ಮನ್ ಮತ್ತು ಮಂಡಳಿಯ ವಾದ ನೇರವಾಗಿತ್ತು. ಸಂಘದ ಕೆಲಸ ಸದಸ್ಯರ ಸೇವೆ. ವೃತ್ತಿಪರ ಪ್ರದರ್ಶನವನ್ನು ಅದರಲ್ಲಿ ಪಳಗಿದವರು ನಡೆಸಲಿ.

ಆದರೆ ಕೊಂಡವರ ಹೆಸರು ಕೇಳಿದಾಗ ವಾದ ಯಾರ ಕಿವಿಗೂ ಬೀಳಲಿಲ್ಲ. ಡಿಎಂಜಿಯ ಮುಂಚೂಣಿಯಲ್ಲಿ ಇದ್ದವರು ರೋಜರ್ ಎಡ್ಮಂಡ್‌ಸನ್, ಹಿಂದೆ ಬಲವಾಗಿ ನಿಂತವರು ಜಿಮ್ ಫ್ರಾನ್ಸ್. ಎಡ್ಮಂಡ್‌ಸನ್ ಹಿಂದೊಮ್ಮೆ ಎಎಂಎ ಜೊತೆಗೂಡಿ ರೋಡ್ ರೇಸಿಂಗ್ ನಡೆಸಿದವರು, ಆಮೇಲೆ ಸಂಬಂಧ ಕೆಟ್ಟು ಅದೇ ಸಂಘದ ಮೇಲೆ ದಾವೆ ಹೂಡಿ ಗೆದ್ದವರು. ತಮ್ಮ ಸಂಘವನ್ನು ಕೋರ್ಟಿಗೆ ಎಳೆದವರಿಗೇ ಸಂಘ ತನ್ನ ರೇಸುಗಳನ್ನು ಒಪ್ಪಿಸಿತಲ್ಲ ಎಂಬುದು ಅನೇಕ ಸದಸ್ಯರಿಗೆ ನುಂಗಲಾರದ ತುತ್ತಾಯಿತು. ಜಿಮ್ ಫ್ರಾನ್ಸ್ ಅಮೆರಿಕದ ಕಾರ್ ರೇಸಿಂಗ್ ಸಂಸ್ಥೆ ನಾಸ್ಕಾರ್‌ನ ಸ್ಥಾಪಕ ಬಿಲ್ ಫ್ರಾನ್ಸ್‌ರ ಮಗ. ಡೇಟೋನಾ ಸ್ಪೀಡ್‌ವೇ ಅವರ ಕುಟುಂಬದ ಹಿಡಿತದಲ್ಲಿ. ಈ ಇಬ್ಬರೂ ಕೂಡಿ ಗ್ರ್ಯಾಂಡ್-ಆಮ್ ಕಾರ್ ಸರಣಿ ಕಟ್ಟಿದ್ದರು. ಅಲ್ಲಿ ಎಲ್ಲ ಕಾರುಗಳ ಶಕ್ತಿಯನ್ನು ನಿಯಮಗಳಿಂದ ಸರಿದೂಗಿಸಿ ಪೈಪೋಟಿಯನ್ನು ಹತ್ತಿರವಾಗಿಸುವುದೇ ಮುಖ್ಯ ಸೂತ್ರ. ಬೈಕ್ ಅಭಿಮಾನಿಗಳು ಇದಕ್ಕೆ ‘ನಾಸ್ಕಾರೀಕರಣ’ ಎಂದು ಹೆಸರಿಟ್ಟು ಹೆದರಿದರು.

ಹೆದರಲು ಹತ್ತಿರದ ನಿದರ್ಶನವೂ ಕಣ್ಣೆದುರಿಗಿತ್ತು. ಕೆಲವೇ ದಿನಗಳ ಹಿಂದೆ, 2008ರ ಫೆಬ್ರವರಿಯಲ್ಲಿ, ಚಾಂಪ್ ಕಾರ್ ಸರಣಿ ಪ್ರತಿಸ್ಪರ್ಧಿ ಇಂಡಿ ರೇಸಿಂಗ್ ಲೀಗ್‌ನಲ್ಲಿ ಕರಗಿಹೋಗಿತ್ತು. ನಾಲ್ಕು ವರ್ಷ ಮೊದಲು, 2004ರ ಜನವರಿಯಲ್ಲಿ, ಅದರ ಮಾತೃಸಂಸ್ಥೆ ಕಾರ್ಟ್ ದಿವಾಳಿಯಾದಾಗ ಇದೇ ಲೀಗ್ ಹೆಚ್ಚು ನಗದು ಕೊಡಲು ಸಿದ್ಧವಾಗಿದ್ದರೂ, ಇಂಡಿಯಾನಾಪೊಲಿಸ್‌ನ ದಿವಾಳಿ ನ್ಯಾಯಾಲಯ ಸರಣಿಯನ್ನು ಮುಂದುವರಿಸುತ್ತೇವೆ ಎಂದ ಮೂವರು ತಂಡಮಾಲೀಕರ ಗುಂಪಿಗೆ ಆಸ್ತಿಯನ್ನು ಕೊಟ್ಟಿತ್ತು. ಕಾರ್ಟ್ ಅಭಿಮಾನಿಗಳಿಗೆ ಅದು ಹಬ್ಬ. ನಾಲ್ಕೇ ವರ್ಷದ ಹಬ್ಬ. ಯುರೋಪಿನಲ್ಲಿ ಇಂಥ ಭಾವಾವೇಶ ಕಾಣುವುದಿಲ್ಲ. 2001ರಲ್ಲಿ ಕಾರ್ ರೇಸಿಂಗ್‌ನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಫಾರ್ಮುಲಾ ಒನ್‌ನ ವಾಣಿಜ್ಯ ಹಕ್ಕುಗಳನ್ನು, 2011ರಿಂದ ನೂರು ವರ್ಷಗಳ ಅವಧಿಗೆ, ಸುಮಾರು 31 ಕೋಟಿ ಡಾಲರಿಗೆ ಬರ್ನಿ ಎಕ್ಲ್‌ಸ್ಟೋನ್ ಬಳಗಕ್ಕೆ ಗುತ್ತಿಗೆ ಕೊಟ್ಟಿತು. ಬೆಲೆ ಅಗ್ಗವಾಯಿತೆಂಬ ಟೀಕೆ ಪತ್ರಿಕೆಗಳಲ್ಲಿ ಬಂದದ್ದುಂಟು, ಗ್ಯಾಲರಿಯಲ್ಲಿ ಕೂತವರು ತಮ್ಮದೇನೋ ಕಳೆದುಹೋಯಿತೆಂದು ಅಳಲಿಲ್ಲ. ಎಫ್‌ಐಎ ಅವರದೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಾರಾಟ ಘೋಷಣೆಯಾದ ಅದೇ ವಾರ ಡೇಟೋನಾ 200 ಗೆದ್ದ ಜಾಶ್ ಹೇಯ್ಸ್‌ನನ್ನು, ಬೈಕಿನ ಕ್ರ್ಯಾಂಕ್‌ಶಾಫ್ಟಿಗೆ ನಿಯಮಕ್ಕೆ ಹೊರತಾದ ಪಾಲಿಶ್ ಕೊಡಲಾಗಿದೆ ಎಂಬ ಕಾರಣಕ್ಕೆ ಅನರ್ಹಗೊಳಿಸಿ, ಚಾಜ್ ಡೇವೀಸ್‌ನನ್ನು ವಿಜೇತನೆಂದು ಸಾರಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ವರ್ಜೀನಿಯಾದಲ್ಲಿ ಸುಜುಕಿ ಸವಾರ ಮ್ಯಾಟ್ ಮ್ಲಾಡಿನ್‌ನ ಗೆಲುವುಗಳೂ ಕ್ರ್ಯಾಂಕ್‌ಶಾಫ್ಟಿನ ಕಾರಣಕ್ಕೇ ರದ್ದಾದವು. ಒಂದೇ ಋತುವಿನಲ್ಲಿ ಎರಡು ಬಾರಿ ಎಂಜಿನ್ನಿನ ಒಳಗಿನ ಒಂದು ಕಬ್ಬಿಣದ ತುಂಡು ಫಲಿತಾಂಶ ಬದಲಿಸಿದ್ದು ವಿಚಿತ್ರ ಕಾಕತಾಳೀಯ. ಹೊಸ ಆಡಳಿತವನ್ನು ಆಗಲೇ ಅನುಮಾನದಿಂದ ನೋಡುತ್ತಿದ್ದವರಿಗೆ ಕಾಕತಾಳೀಯ ಎಂಬ ಮಾತು ರುಚಿಸಲಿಲ್ಲ.

ನಿಜವಾದ ಜಗಳ 2008ರ ಬೇಸಿಗೆಯಲ್ಲಿ ಶುರುವಾಯಿತು. ದುಬಾರಿ ಕಾರ್ಖಾನೆ ಸೂಪರ್‌ಬೈಕುಗಳನ್ನು ಹಿಂದಕ್ಕೆ ಸರಿಸಿ, ಶಕ್ತಿ ಸಮಾನವಾಗಿರುವ ಚಿಕ್ಕ ಬೈಕುಗಳ ದರ್ಜೆಯನ್ನು ಮುಖ್ಯವಾಗಿಸುವ ಯೋಚನೆಯನ್ನು ಡಿಎಂಜಿ ಮುಂದಿಟ್ಟಿತು. ಜಪಾನಿ ಕಂಪನಿಗಳು ಕೆರಳಿದವು. ಮೋಟಾರ್‌ಸೈಕಲ್ ಇಂಡಸ್ಟ್ರಿ ಕೌನ್ಸಿಲ್ ‘ಯುಎಸ್‌ಎಸ್‌ಬಿ’ ಎಂಬ ಪರ್ಯಾಯ ಸೂಪರ್‌ಬೈಕ್ ಸರಣಿ ನಡೆಸುವುದಾಗಿ ಸಾರಿತು. ಅಭಿಮಾನಿಗಳು ಬಹುಮಟ್ಟಿಗೆ ಕಂಪನಿಗಳ ಕಡೆ ನಿಂತದ್ದು ಗಮನಾರ್ಹ. ಸುಜುಕಿ ಗೆಲ್ಲುತ್ತಲೇ ಇದೆ, ರೇಸು ಸಪ್ಪೆಯಾಗಿದೆ ಎಂದು ಹಿಂದಿನ ವರ್ಷದವರೆಗೆ ಗೊಣಗುತ್ತಿದ್ದವರೂ ಅವರಲ್ಲಿದ್ದರು. ಪೈಪೋಟಿ ಹತ್ತಿರವಾಗಲಿ ಎಂದು ಬಯಸಿದರೂ, ಅದು ನಿಯಮ ಪುಸ್ತಕದ ಕರುಣೆಯಿಂದ ಬರುವುದು ಅವರಿಗೆ ಬೇಕಿರಲಿಲ್ಲ. ಶರತ್ಕಾಲದ ಹೊತ್ತಿಗೆ ರಾಜಿಯಾಗಿ ಪರ್ಯಾಯ ಸರಣಿ ಕಾಗದದಲ್ಲೇ ಉಳಿಯಿತು, 1000 ಸಿಸಿ ದರ್ಜೆ ಉಳಿದುಕೊಂಡಿತು.

2009ರ ಋತು ಅವರ ಅನುಮಾನಗಳಿಗೆಲ್ಲ ಸಾಕ್ಷಿ ಹೇಳಿದಂತಿತ್ತು. ಡೇಟೋನಾ 200 ಮೊದಲ ಬಾರಿಗೆ ರಾತ್ರಿ ದೀಪಗಳ ಕೆಳಗೆ ನಡೆಯಿತು. ಬೆನ್ ಬಾಸ್ಟ್ರಮ್ ಗೆದ್ದ. ಪೇಸ್ ಕಾರು, ರೋಲಿಂಗ್ ಸ್ಟಾರ್ಟುಗಳು ಬೈಕ್ ರೇಸಿಗೆ ಕಾಲಿಟ್ಟವು. ಡೇಟೋನಾ ಸ್ಪೋರ್ಟ್‌ಬೈಕ್ ದರ್ಜೆಯಲ್ಲಿ ನಾಲ್ಕು ಸಿಲಿಂಡರಿನ 600 ಸಿಸಿ ಬೈಕುಗಳ ಎದುರು 1125 ಸಿಸಿಯ ಎರಡು ಸಿಲಿಂಡರ್ ಬ್ಯುಯೆಲ್‌ಗೆ ಅವಕಾಶ ಸಿಕ್ಕಿತು, ಅದನ್ನು ಓಡಿಸಿದ ಡ್ಯಾನಿ ಎಸ್ಲಿಕ್ ಚಾಂಪಿಯನ್ ಆದ. ಹಾರ್ಲೆ-ಡೇವಿಡ್‌ಸನ್ ಒಡೆತನದ ಅಮೆರಿಕನ್ ಬೈಕು ಗೆದ್ದದ್ದಕ್ಕೆ ಅಮೆರಿಕನ್ನರೇ ಹುಬ್ಬು ಗಂಟಿಕ್ಕಿದರು ಎಂದರೆ ವಾತಾವರಣ ಎಷ್ಟು ಕೆಟ್ಟಿತ್ತೆಂದು ಊಹಿಸಬಹುದು. ಎಸ್ಲಿಕ್ ಒಳ್ಳೆಯ ಸವಾರ, ಅವನ ಪ್ರಶಸ್ತಿಗೆ ಅಂಟಿದ ಮಸಿ ಅವನದಲ್ಲ. ಆಗಸ್ಟಿನಲ್ಲಿ ಕಾನ್ಸಾಸ್‌ನ ಟೊಪೀಕಾ ಟ್ರ್ಯಾಕ್ ಸುರಕ್ಷಿತವಲ್ಲವೆಂದು ಮ್ಲಾಡಿನ್ ರೇಸಿಗಿಳಿಯಲು ಒಪ್ಪಲಿಲ್ಲ. ಆದರೂ ಏಳನೆಯ ಸೂಪರ್‌ಬೈಕ್ ಕಿರೀಟ ಗೆದ್ದು, ಒಟ್ಟು 82 ಗೆಲುವುಗಳೊಂದಿಗೆ ಆ ವರ್ಷವೇ ನಿವೃತ್ತನಾದ.

ಹೋಂಡಾ ಮತ್ತು ಕವಾಸಾಕಿ ಕಾರ್ಖಾನೆ ತಂಡಗಳು ಸೂಪರ್‌ಬೈಕಿನಿಂದ ಹಿಂದೆ ಸರಿದದ್ದೂ ಈ ಹೊತ್ತಿಗೇ. ಅಭಿಮಾನಿಗಳು ಅದರ ಪೂರ್ತಿ ಹೊಣೆಯನ್ನು ಡಿಎಂಜಿ ಮೇಲೆ ಹೊರಿಸಿದರು. ಇದು ಅರ್ಧ ನ್ಯಾಯ ಮಾತ್ರ. 2008ರ ಡಿಸೆಂಬರಿನಲ್ಲಿ ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು, ಮುಂದಿನ ತಿಂಗಳೇ ಕವಾಸಾಕಿ ಮೋಟೋಜಿಪಿ ಬಿಟ್ಟಿತು. ಆರ್ಥಿಕ ಕುಸಿತದಲ್ಲಿ ಸ್ಪೋರ್ಟ್ ಬೈಕುಗಳ ಮಾರಾಟ ನೆಲಕಚ್ಚಿತ್ತು. ಯಾರೇ ಮಾಲೀಕರಾಗಿದ್ದರೂ ಆ ವರ್ಷಗಳು ಕಷ್ಟದವೇ. ಆದರೆ ತಯಾರಕರ ಜೊತೆ ಜಗಳ ತೆಗೆಯಲು ಇದಕ್ಕಿಂತ ಕೆಟ್ಟ ಸಮಯ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಒಂದೇ ಗಂಟಿನಲ್ಲಿ ಮಾರಾಟವಾದ ಉಳಿದ ಕ್ರೀಡೆಗಳ ಕತೆ ಬೇರೆ. ಮೋಟೋಕ್ರಾಸನ್ನು ಡಿಎಂಜಿ ತನ್ನಲ್ಲಿ ಇಟ್ಟುಕೊಳ್ಳದೆ, ಆ ಕ್ಷೇತ್ರದಲ್ಲೇ ಬೆಳೆದ ಎಂಎಕ್ಸ್ ಸ್ಪೋರ್ಟ್ಸ್‌ಗೆ ವರ್ಷದೊಳಗೆ ದಾಟಿಸಿತು. 2009ರಿಂದ ಅವರೇ ನಡೆಸಿದರು, ಮೋಟೋಕ್ರಾಸ್ ಪ್ರೇಕ್ಷಕರು ನಿಟ್ಟುಸಿರು ಬಿಟ್ಟು ಮಾರಾಟವನ್ನು ಮರೆತೇಬಿಟ್ಟರು. ಫ್ಲಾಟ್ ಟ್ರ್ಯಾಕ್ ಹೊಸ ಮಾಲೀಕರಲ್ಲೇ ಉಳಿಯಿತು. ಕೆಲ ಕಾಲ ಸೊರಗಿ, 2017ರಲ್ಲಿ ‘ಅಮೆರಿಕನ್ ಫ್ಲಾಟ್ ಟ್ರ್ಯಾಕ್’ ಎಂದು ಹೆಸರು ಬದಲಿಸಿಕೊಂಡಿತು. ಆ ವರ್ಷ ‘ಇಂಡಿಯನ್’ ಎಂಬ ಅಮೆರಿಕನ್ ಕಂಪನಿಯ ಕಾರ್ಖಾನೆ ತಂಡ ಹಾರ್ಲೆಯ ಎದುರು ಮರಳಿ ಬಂತು, ಜ್ಯಾರೆಡ್ ಮೀಸ್ ಚಾಂಪಿಯನ್ ಆದ, ಓವಲ್ ಟ್ರ್ಯಾಕುಗಳ ಸುತ್ತ ಹಳೆಯ ಪೈಪೋಟಿಯ ಕಾವು ಮತ್ತೆ ಕಾಣಿಸಿತು. ಚೆನ್ನೈನ ರಾಯಲ್ ಎನ್‌ಫೀಲ್ಡ್ ಕೂಡ ಮುಂದೆ ಇದೇ ಮಣ್ಣಿಗಿಳಿಯಿತು. ಫ್ರಾನ್ಸ್ ಕುಟುಂಬ ಕೈ ಹಾಕಿದ್ದೆಲ್ಲ ಕೆಡುತ್ತದೆ ಎಂದವರಿಗೆ ಫ್ಲಾಟ್ ಟ್ರ್ಯಾಕ್ ಉತ್ತರವಾಗಿ ನಿಂತಿದೆ.

ರೋಡ್ ರೇಸಿಂಗ್ ಮಾತ್ರ ಇಳಿಯುತ್ತಲೇ ಹೋಯಿತು. 2010ರಲ್ಲಿ ಎಡ್ಮಂಡ್‌ಸನ್ ನಿರ್ಗಮಿಸಿದರು. ಜಾಶ್ ಹೇಯ್ಸ್ 2010, 2011, 2012ರಲ್ಲಿ ಯಮಹಾ ಮೇಲೆ ಸಾಲಾಗಿ ಗೆದ್ದ. ಗೆಲುವಿನ ಸುದ್ದಿ ಮುಟ್ಟುತ್ತಿದ್ದ ಜನರೇ ಕಡಿಮೆಯಾಗಿದ್ದರು. ಮೊದಮೊದಲು ಸಿಟ್ಟಿನಿಂದ ಪತ್ರ ಬರೆಯುತ್ತಿದ್ದ, ಪಿಟ್ ಹಾದಿಯಲ್ಲಿ ವಾದಕ್ಕಿಳಿಯುತ್ತಿದ್ದ ಪ್ರೇಕ್ಷಕ ಈಗ ಬರುವುದನ್ನೇ ಬಿಟ್ಟ. ಆಡಳಿತಗಾರರು ಕೂಗಾಟಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಇದಕ್ಕೆ. 2014ರ ಹೊತ್ತಿಗೆ ಸುತ್ತುಗಳ ಸಂಖ್ಯೆ ಬೆರಳೆಣಿಕೆಗೆ ಬಂದು, ಟಿವಿ ಪ್ರಸಾರ ಇಲ್ಲವಾಗಿ, ಅಂತರ್ಜಾಲದ ನೇರಪ್ರಸಾರವಷ್ಟೇ ಉಳಿಯಿತು. ಪಶ್ಚಿಮದ ಟ್ರ್ಯಾಕುಗಳು ಪಟ್ಟಿಯಲ್ಲಿ ಕಾಣದಾದಾಗ, ಪತ್ರಕರ್ತ ಜಾನ್ ಅಲ್ರಿಕ್ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾದ ಫಾಂಟಾನಾ, ಸೊನೋಮಾ ಮತ್ತು ಯೂಟಾದ ಮಿಲ್ಲರ್ ಟ್ರ್ಯಾಕುಗಳಲ್ಲಿ ‘ಸೂಪರ್‌ಬೈಕ್ ಶೂಟೌಟ್’ ಎಂಬ ಮೂರು ಸುತ್ತುಗಳ ಸ್ವತಂತ್ರ ಸರಣಿಯೇ ನಡೆಯಿತು. ರಾಷ್ಟ್ರೀಯ ಚಾಂಪಿಯನ್‌ಶಿಪ್ ಮಾಡದ ಕೆಲಸವನ್ನು ಹೊರಗಿನವರು ಮಾಡಿ ತೋರಿಸಿದಾಗ ಡಿಎಂಜಿಗೆ ಹೇಳಲು ಏನೂ ಉಳಿದಿರಲಿಲ್ಲ.

2014ರ ಸೆಪ್ಟೆಂಬರಿನಲ್ಲಿ ಹಕ್ಕುಗಳು ಮತ್ತೆ ಕೈ ಬದಲಾದವು. ಈ ಸಲ ಕೊಂಡವರ ಹೆಸರು ಕೇಳಿ ಅಭಿಮಾನಿಗಳು ಎದ್ದು ಕುಳಿತರು. 1983 ಮತ್ತು 1987ರ ಎಎಂಎ ಸೂಪರ್‌ಬೈಕ್ ಚಾಂಪಿಯನ್, 1990ರಿಂದ 1992ರವರೆಗೆ ಸತತ ಮೂರು ಬಾರಿ 500 ಸಿಸಿ ವಿಶ್ವ ಚಾಂಪಿಯನ್, 1993ರಲ್ಲಿ ಇಟಲಿಯ ಮಿಸಾನೋದಲ್ಲಿ ಬಿದ್ದು ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ವೇಯ್ನ್ ರೇನಿ ಮುಂದೆ ನಿಂತಿದ್ದ. ಟೆರಿ ಕಾರ್ಗಿಸ್, ಚಕ್ ಆಕ್ಸ್‌ಲ್ಯಾಂಡ್, ರಿಚರ್ಡ್ ವಾರ್ನರ್ ಜೊತೆಗೂಡಿ ನಾಲ್ವರ ಅಡ್ಡಹೆಸರಿನ ಇಂಗ್ಲಿಷ್ ಮೊದಲಕ್ಷರಗಳಿಂದ ‘ಕ್ರೇವ್’ ಗ್ರೂಪ್ ಆಯಿತು, ಸರಣಿಗೆ ‘ಮೋಟೋಅಮೆರಿಕಾ’ ಎಂಬ ಹೆಸರು ಬಂತು. ಸೂಕ್ಷ್ಮವಾಗಿ ನೋಡಿದರೆ ಇದೂ ಖಾಸಗಿ ಕಂಪನಿಗೇ ಹೋದ ಹಕ್ಕು, ಇಲ್ಲಿಯೂ ಸದಸ್ಯರ ಮತ ಕೇಳಿದವರಿಲ್ಲ. ಆದರೂ 2008ರ ಸಿಟ್ಟಿನ ಸುಳಿವು ಈ ಬಾರಿ ಕಾಣಲಿಲ್ಲ. ‘ನಮ್ಮನ್ನು ಕೇಳಲಿಲ್ಲ’ ಎಂಬ ದೂರಿನ ಒಳಗೆ ‘ಅವರಿಗೆ ಯಾಕೆ ಕೊಟ್ಟಿರಿ’ ಎಂಬುದೇ ಹೆಚ್ಚಾಗಿತ್ತು.

ಮೋಟೋಅಮೆರಿಕಾದ ಮೊದಲ ಸುತ್ತು 2015ರ ಏಪ್ರಿಲಿನಲ್ಲಿ ಟೆಕ್ಸಾಸ್‌ನ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ, ಮೋಟೋಜಿಪಿ ವಾರಾಂತ್ಯದ ಜೊತೆಯಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಕ್ಯಾಮರಾನ್ ಬೋಬಿಯೆ. ಡೇಟೋನಾ 200 ಮಾತ್ರ ಏಳು ವರ್ಷ ಬೇರೆ ಸಂಸ್ಥೆಯ ಆಶ್ರಯದಲ್ಲಿ ನಡೆದು, 2022ರಲ್ಲಿ ಮೋಟೋಅಮೆರಿಕಾದ ಪಂಚಾಂಗಕ್ಕೆ ಸೇರಿತು.