ಕುರ್ಚಿಗೆ ತೂಗುಹಾಕಿದ ರಿವಾಲ್ವರ್

ನಾವು ವಾಸವಾಗಿರುವ ಬಡಾವಣೆಗಳಲ್ಲಿ ಎಲ್ಲಾದರೂ ಮನೆಗಳ್ಳತನವಾಯಿತೆಂದರೆ ಸಾಕು, ನಾಲ್ವರು ಕನ್ನಡಿಗರು ಸೇರಿದ ಕಡೆ ಒಂದು ಪ್ರಶ್ನೆ ಏಳುತ್ತದೆ: “ಮನೆಯಲ್ಲೊಂದು ಪಿಸ್ತೂಲು ಇದ್ದರೆ ಒಳ್ಳೆಯದಲ್ಲವೆ? ಇಡುವುದಾದರೆ ಎಂಥದನ್ನು ಇಡಬೇಕು?” ಊರು ಬಿಟ್ಟು ಬಂದವರಿಗೆ, ಅಣ್ಣತಮ್ಮಂದಿರು ಪಕ್ಕದ ಮನೆಯಲ್ಲಿಲ್ಲದವರಿಗೆ, ಈ ಅಂಜಿಕೆ ಸಹಜವೇ. ಆದುದರಿಂದ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಾಗದು. ಆದರೆ ಉತ್ತರಿಸುವ ಮೊದಲು ನಮ್ಮದೇ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡುವುದು ಮೇಲು. ಅವುಗಳಲ್ಲಿ ಒಂದು ಪುಟ ಈ ಹೈದರಾಬಾದಿನ ಮಗ್ಗುಲಿನಲ್ಲೇ ಬರೆಯಲ್ಪಟ್ಟಿದೆ.

ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದುದು ನಮಗೆಲ್ಲ ತಿಳಿದ ಸಂಗತಿ. 1858ರ ಫೆಬ್ರವರಿಯಲ್ಲಿ ಸುರಪುರದ ಕಾಳಗದ ನಂತರ ಅವರು ಹೈದರಾಬಾದಿಗೆ ಬಂದರು, ಇಲ್ಲಿಯೇ ಸೆರೆಯಾದರು. ದಿವಾನ ಸಾಲಾರ್ ಜಂಗರು ಅವರನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದರು. ವಿಚಾರಣೆ ನಡೆದು, ಶಿಕ್ಷೆ ಕೊನೆಗೆ 4 ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಗೆ ಅವರನ್ನು ಕರೆದೊಯ್ಯಬೇಕೆಂದು ಗೊತ್ತಾಯಿತು. ಅರಸರನ್ನು ಎಳವೆಯಿಂದ ಬಲ್ಲ ಮೆಡೋಸ್ ಟೇಲರ್, ಅವರಿಂದ ‘ಅಪ್ಪ’ ಎಂದು ಕರೆಸಿಕೊಂಡವನು, ಮುಂದಿನದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿ ಕಾವಲಿನ ಅಧಿಕಾರಿ ತನ್ನ ನಡುಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಡೇರೆಯ ಹೊರಗೆ ಹೋದ. ಪಟ್ಟಿಯಲ್ಲಿ ಗುಂಡು ತುಂಬಿದ ರಿವಾಲ್ವರ್ ಇತ್ತು. ಆತನಿಗೆ ಗುಂಡಿನ ಸದ್ದು ಕೇಳಿಸಿತು. ಒಳಕ್ಕೆ ಓಡಿಬಂದಾಗ ಅರಸರ ಪ್ರಾಣ ಹೋಗಿತ್ತು. ಟೇಲರನ ಈ ವಿವರಣೆಯನ್ನು ಒಪ್ಪದೆ, ಅದೊಂದು ಕೊಲೆಯೆಂದು ಶಂಕಿಸುವವರೂ ನಮ್ಮಲ್ಲಿದ್ದಾರೆ. ಅದು ಹೇಗೇ ಇರಲಿ, ಅವನ ಮಾತಿನಂತೆಯೇ ನೋಡಿದರೂ ಆ ಆಯುಧ ಅಲ್ಲಿದ್ದುದು ರಕ್ಷಣೆಗಾಗಿ. ಅದರ ಒಡೆಯ ಪಳಗಿದ ಸೈನಿಕ. ಅವನು ಕಣ್ಣು ತಪ್ಪಿಸಿದ್ದು ಕೆಲವೇ ನಿಮಿಷ.

ಆಯುಧ ಕಳೆದುಕೊಂಡವರ ದುಃಖವನ್ನೂ ನಮ್ಮ ಚರಿತ್ರೆ ಬಲ್ಲದು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲೆವೆಂದರು. ಅವರ ಪಾಲಿಗೆ ಅದು ಬೇಟೆ, ಬದುಕು, ಮಾನ ಎಲ್ಲವೂ ಆಗಿತ್ತು. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಹಳ್ಳಿಯನ್ನು ಸುಟ್ಟಿತು. ಆಮೇಲೆ 19 ಜನರನ್ನು ಗಲ್ಲಿಗೇರಿಸಲಾಯಿತು. ಅವರ ಕಥೆ ಲಾವಣಿಯಾಗಿ ಇಂದಿಗೂ ಉಳಿದಿದೆ. 1878ರಲ್ಲಿ ಲಿಟನ್ ಪ್ರಭುವಿನ ಆಯುಧ ಕಾಯಿದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯೂರೋಪಿಯನನಿಗೆ ಬೇಡ ಎಂಬ ಆ ತಾರತಮ್ಯವನ್ನು ನಮ್ಮ ರಾಷ್ಟ್ರೀಯ ನಾಯಕರು ಬಹುಕಾಲ ವಿರೋಧಿಸಿದರು. ಕನ್ನಡನಾಡಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ ವಿಶೇಷ ವಿನಾಯಿತಿ ದೊರೆಯಿತು. ಅದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿಯೂ ಎತ್ತಿಹಿಡಿದಿದೆ. ಅಲ್ಲಿ ಕೋವಿಯನ್ನು ಕೈಲ್‌ಪೋಳ್ದ್ ಹಬ್ಬದಂದು ಪೂಜಿಸುತ್ತಾರೆ. ಹಿರಿಯರ ಕಣ್ಣೆದುರಿನಲ್ಲಿ ಕಿರಿಯರು ಅದರ ರೀತಿನೀತಿ ಕಲಿಯುತ್ತಾರೆ. ಅಂಗಡಿಯಿಂದ ಕೊಂಡು ತಂದ ಪಿಸ್ತೂಲಿನೊಡನೆ ಈ ಸಂಸ್ಕಾರ ಬರುವುದಿಲ್ಲ.

ಇನ್ನು 1948. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ಈ ವರ್ಷದ ಮಾತೆತ್ತಿದರೆ ಹಿಂದೆ ಹಿರಿಯರು ಸುಮ್ಮನಾಗಿಬಿಡುತ್ತಿದ್ದರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ ಕರಾಚಿಯಿಂದ ರಾತ್ರೋರಾತ್ರಿ ನಿಜಾಮರ ರಾಜ್ಯಕ್ಕೆ ಆಯುಧ ತಂದಿಳಿಸುತ್ತಿದ್ದ. ಇಳಿದ ನೆಲೆಗಳಲ್ಲಿ ನಮ್ಮ ಬೀದರವೂ ಒಂದು. ರಜಾಕಾರರ ಕೈಯಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮ ನೆತ್ತರಲ್ಲಿ ನೆನೆಯಿತು. ಭಾರತದೊಡನೆ ಸೇರಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆಗಸ್ಟಿನಲ್ಲಿ ಇದೇ ಹೈದರಾಬಾದಿನಲ್ಲಿ ಗುಂಡಿಟ್ಟು ಕೊಂದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸರದಿ ತಿರುಗಿತು. ಪಂಡಿತ ಸುಂದರಲಾಲರ ಸಮಿತಿಯು ಆಗ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು, ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೂ ಸೇರಿದ್ದವು. ಎರಡೂ ಕಡೆ ಆಯುಧ ಹಿಡಿದವರು ಹೇಳಿಕೊಂಡ ಮಾತು ಮಾತ್ರ ಒಂದೇ: ಆತ್ಮರಕ್ಷಣೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ವತಂತ್ರ ಭಾರತದ ಆಯುಧ ಕಾಯಿದೆ 1959ರದು, ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಬಿಳಿಯ-ಕರಿಯ ಎಂಬ ಭೇದ ಈಗಿಲ್ಲ. ಆದರೆ ಪರವಾನಗಿ ಬೇಕೇ ಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಹೈದರಾಬಾದಿನಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರಿಗೆ. ತನಗೆ ಬೆದರಿಕೆ ಏನು, ಆಯುಧವೇಕೆ ಎಂಬುದನ್ನು ತಿಳಿಸಬೇಕು. ಪೊಲೀಸರ ತನಿಖೆ ನಡೆಯಬೇಕು. 2016ರ ನಿಯಮಗಳಂತೆ ಸುರಕ್ಷಿತ ಬಳಕೆಯ ತರಬೇತಿಯೂ ಅಗತ್ಯ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 5 ವರ್ಷ. ಸೇನೆ, ಪೊಲೀಸರು ಬಳಸುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ಸಿಗುವಂಥದಲ್ಲ, ಸಾಮಾನ್ಯವಾಗಿ ದೊರೆಯುವುದು.32 ಅಳತೆಯದು, ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವಂಥದು.

ಪಿಸ್ತೂಲೋ ರಿವಾಲ್ವರೋ ಎಂದರೆ, ಹೊಸಬರಿಗೆ ರಿವಾಲ್ವರ್ ಸುಲಭವೆಂಬ ಮಾತಿಗೆ ಕಾರಣವಿದೆ. ಅದರ ತಿರುಗುವ ಉರುಳೆಯನ್ನು ತೆರೆದರೆ ಎಷ್ಟು ಗುಂಡುಗಳಿವೆಯೆಂದು ಕಣ್ಣಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಹಿಡಿಯೊಳಗಿನ ಗುಂಡಿನ ಪಟ್ಟಿಯನ್ನು ಹೊರತೆಗೆದ ಮೇಲೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿಯೆಂದು ನಂಬಿ ಅಪಘಾತ ಮಾಡಿಕೊಂಡವರು ಲೋಕದಲ್ಲಿ ಬಹಳ. ಯಾವುದೇ ಆದರೂ ಗುಂಡುಗಳನ್ನು ಬೇರೆ, ಆಯುಧವನ್ನು ಬೇರೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ಆದರೆ ಹಾಗಿಟ್ಟದ್ದು ನಡುರಾತ್ರಿ ಕಳ್ಳ ಬಂದಾಗ ಕೈಗೆ ಸಿಗುವುದು ಕಷ್ಟ. ಕೈಗೆ ಸಿಗುವಂತೆ ದಿಂಬಿನಡಿ ಇಟ್ಟರೆ ಮನೆಯ ಮಗುವಿನ ಕೈಗೂ ಸಿಗುತ್ತದೆ. ಈ ತೊಡಕು ಸುಲಭವಾಗಿ ಬಗೆಹರಿಯುವಂಥದಲ್ಲ. ಕಾನೂನಿನ ಮಾತೂ ಇದೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಂಟು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟಿಗೆ ಅದು ರಕ್ಷಣೆ ಕೊಡದು. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದು ಆತ್ಮರಕ್ಷಣೆಯೆಂದರೆ ನ್ಯಾಯಾಲಯ ಒಪ್ಪುವುದು ಕಷ್ಟ.

ನಿಜವಾದ ಪ್ರಾಣಭಯವಿರುವವರು ಪರವಾನಗಿ ಪಡೆಯಲಿ, ಕಲಿಯಲಿ; ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅವರೂ ಆಯುಧಕ್ಕಿಂತ ಮೊದಲು ಪೆಟ್ಟಿಗೆಯನ್ನು ಕೊಳ್ಳಲಿ. ಉಳಿದವರಿಗೆ ನಾವು ಹೇಳುವುದಿಷ್ಟೆ: ಬಾಗಿಲಿಗೆ ಗಟ್ಟಿ ಚಿಲಕ, ಬೀದಿಗೆ ದೀಪ, 112ಕ್ಕೆ ಫೋನು, ತೆಲುಗಿನವರಾಗಲಿ ಉರ್ದುವಿನವರಾಗಲಿ ಅಕ್ಕಪಕ್ಕದವರೊಡನೆ ಹೊಕ್ಕುಬಳಕೆ. ಇಷ್ಟು ಇದ್ದೂ ಮನಸ್ಸು ಪಿಸ್ತೂಲಿನ ಕಡೆಗೇ ಎಳೆದರೆ, ಹೈದರಾಬಾದಿನ ಹೊರಗಿನ ಆ ಡೇರೆಯನ್ನೂ, ಕುರ್ಚಿಗೆ ತೂಗುಹಾಕಿದ ಆ ನಡುಪಟ್ಟಿಯನ್ನೂ ಒಮ್ಮೆ ನೆನೆಯೋಣ.