ತಿಗರಿಯ ಮೇಲಿನ ಹಲಗೆ: ತಟ್ಟೆಯ ಅಡಿಯಲ್ಲಿ ಉಳಿದುಹೋದ ಚರಿತ್ರೆ

ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಣ್ಣಿನ ತಟ್ಟೆಯೊಂದರ ಮುಂದೆ ನಿಂತರೆ ನಮಗೆ ಕಾಣುವುದು ಅದರ ಬಣ್ಣ, ಹೊಳಪು ಮತ್ತು ಮೇಲಿನ ಬರಹ. ಅದು ಯಾವ ಶತಮಾನದ್ದು, ಯಾವ ಅರಸನ ಬಳಿ ಇತ್ತು ಎಂಬ ವಿವರ ಪಕ್ಕದ ಚೀಟಿಯಲ್ಲಿರುತ್ತದೆ. ಆದರೆ ಅಷ್ಟಗಲದ ಹಸಿ ತಟ್ಟೆಯನ್ನು ತಿರುಗುವ ಚಕ್ರದಿಂದ ಕುಂಬಾರನು ಕೆಳಗಿಳಿಸಿದ್ದು ಹೇಗೆ? ಈ ಪ್ರಶ್ನೆಗೆ ಚೀಟಿಯಲ್ಲಿ ಉತ್ತರವಿಲ್ಲ. ತಟ್ಟೆಯ ಇತಿಹಾಸದ ಅರ್ಧ ಭಾಗ ಅಡಗಿರುವುದು ಈ ಪ್ರಶ್ನೆಯಲ್ಲೇ.

ಮಡಕೆಗಿಂತ ತಟ್ಟೆ ಮಾಡುವುದು ಕಷ್ಟವೆಂದರೆ ನಂಬುವುದು ಸುಲಭವಲ್ಲ. ಆದರೆ ಸಂಗತಿ ನಿಜ. ಮಡಕೆಗೆ ದುಂಡಗಿನ ಗೋಡೆಯಿದೆ, ಆ ಗೋಡೆಯೇ ಅದಕ್ಕೆ ಬಲ. ಹಸಿಯಿದ್ದಾಗಲೂ ಅದನ್ನು ದಾರದಿಂದ ಕತ್ತರಿಸಿ ಎರಡೂ ಕೈಗಳಿಂದ ಎತ್ತಿಡಬಹುದು. ತಟ್ಟೆಯಾದರೋ ಬರೀ ತಳ. ಕೈ ಹಾಕಿ ಎತ್ತಿದೊಡನೆ ಅದು ಹಪ್ಪಳದ ಹಿಟ್ಟಿನಂತೆ ಬಾಗುತ್ತದೆ. ಕೈಯಿಂದ ಸರಿಪಡಿಸಿದರೂ ಜೇಡಿಮಣ್ಣು ಆ ಬಾಗನ್ನು ಮರೆಯುವುದಿಲ್ಲ. ಒಣಗುವಾಗ ಮತ್ತು ಆವಿಗೆಯಲ್ಲಿ ಬೇಯುವಾಗ ತಟ್ಟೆ ಮತ್ತೆ ಸೊಟ್ಟಗಾಗುತ್ತದೆ.

ಇದಕ್ಕೆ ಕುಶಲಕರ್ಮಿಗಳು ಕಂಡುಕೊಂಡ ಉಪಾಯ ಬಹಳ ಸರಳ. ತಟ್ಟೆಯನ್ನು ಚಕ್ರದ ಮೇಲೆಯೇ ಮಾಡುವ ಬದಲು ಚಕ್ರಕ್ಕೆ ಅಂಟಿಸಿದ ಒಂದು ದುಂಡು ಹಲಗೆಯ ಮೇಲೆ ಮಾಡುವುದು, ಮುಗಿದ ಮೇಲೆ ಹಲಗೆಯ ಸಮೇತ ಎತ್ತಿಡುವುದು. ಇಂದಿನ ಕುಂಬಾರಿಕೆ ಶಾಲೆಗಳಲ್ಲಿ ಇದನ್ನು 'ಬ್ಯಾಟ್' ಎನ್ನುತ್ತಾರೆ. ಕ್ರಿಕೆಟ್ಟಿನ ಬ್ಯಾಟಿಗೂ ಇದಕ್ಕೂ ಸಂಬಂಧವಿಲ್ಲ.

ಹಲಗೆಯನ್ನು ಭದ್ರಪಡಿಸುವುದರಲ್ಲೇ ಎಲ್ಲ ಜಾಣ್ಮೆ ಇದೆ. ಹಳೆಯ ಕ್ರಮದಲ್ಲಿ ಮೊದಲು ಚಕ್ರದ ಮೇಲೆ ಮಣ್ಣನ್ನು ರೊಟ್ಟಿಯಂತೆ ಸಮತಟ್ಟಾಗಿ ಹರಡಬೇಕು. ಅದರಲ್ಲಿ ಬೆರಳಿನಿಂದ ಒಂದರೊಳಗೊಂದು ಬಳೆಯಂತೆ ಗೀರುಗಳನ್ನು ತೆಗೆದು, ಸ್ವಲ್ಪವೇ ನೀರು ಸವರಿ, ಹಲಗೆಯನ್ನು ನಡುವಿಗೆ ಸರಿಯಾಗಿ ಇಟ್ಟು ಮುಷ್ಟಿಯಿಂದ ಗುದ್ದಬೇಕು. ನೀರು ಹೆಚ್ಚಾದರೆ ಹಲಗೆ ಜಾರುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಈಚಿನ ಲೋಹದ ಚಕ್ರಗಳಲ್ಲಿ ಎರಡು ಗೂಟಗಳಿದ್ದು, ಹಲಗೆಯ ತೂತುಗಳು ಅವುಗಳ ಮೇಲೆ ಕೂರುತ್ತವೆ. ಕ್ರಮ ಯಾವುದಾದರೂ ಹಲಗೆ ಕೂದಲೆಳೆಯಷ್ಟು ಅಲುಗಿದರೂ ಅಗಲವಾದ ತಟ್ಟೆಯ ಅಂಚಿನಲ್ಲಿ ಅದು ದೊಡ್ಡ ಓಲಾಟವಾಗಿ ಕಾಣುತ್ತದೆ.

ಈ ಉಪಾಯ ಬಹಳ ಪ್ರಾಚೀನವಾದುದು. ಕ್ರೀಟ್ ದ್ವೀಪದ ಮಿನೋವನ್ ನಾಗರಿಕತೆಯ ನೆಲೆಗಳಲ್ಲಿ ಸುಟ್ಟ ಮಣ್ಣಿನ ದುಂಡು ಬಿಲ್ಲೆಗಳು ಸಿಕ್ಕಿವೆ. ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಚಕ್ರದ ತಲೆಯೆಂದೂ ಕೆಲವನ್ನು ಇಂತಹ ಬ್ಯಾಟ್‌ಗಳೆಂದೂ ಗುರುತಿಸಿದ್ದಾರೆ. ಮರದ ಹಲಗೆಗಳಿಗೆ ಆ ಭಾಗ್ಯವಿಲ್ಲ. ಅವು ಮಣ್ಣಿನಲ್ಲಿ ಕೊಳೆತುಹೋಗುತ್ತವೆ, ತಟ್ಟೆ ಮಾತ್ರ ಉಳಿಯುತ್ತದೆ.

ಅಗಲವಾದ ಪಾತ್ರೆಗೆ ವಿಶೇಷ ಗೌರವ ದೊರೆತ ನಾಡುಗಳಲ್ಲಿ ಇಸ್ಲಾಮೀ ಜಗತ್ತು ಮುಖ್ಯವಾದುದು. ಇದಕ್ಕೆ ಕಾರಣ ಊಟದ ಪದ್ಧತಿ. ಒಂದೇ ತಟ್ಟೆಯ ಸುತ್ತ ಹಲವರು ಕೂತು ಉಣ್ಣುವಲ್ಲಿ ತಟ್ಟೆ ದೊಡ್ಡದಾಗಲೇಬೇಕು. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಕ್ರಿ.ಶ. 9ನೇ ಶತಮಾನದ ಹಡಗೊಂದರ ಅವಶೇಷ ಪತ್ತೆಯಾಯಿತು. ಅರಬ್ ಮಾದರಿಯ ಆ ಹಡಗಿನಲ್ಲಿ ಸುಮಾರು 60,000 ಚೀನೀ ಪಾತ್ರೆಗಳಿದ್ದವು. ಬೇಡಿಕೆ ಎಷ್ಟಿತ್ತೆಂದು ಇದರಿಂದ ಊಹಿಸಬಹುದು. ಅದೇ ಕಾಲದಲ್ಲಿ ಬಸ್ರಾದ ಕುಂಬಾರರು ಚೀನಾದ ಬಿಳಿ ಪಾತ್ರೆಗಳನ್ನು ನೋಡಿ, ತಮ್ಮ ಹಳದಿ ಮಣ್ಣಿನ ಮೇಲೆ ತವರ ಬೆರೆಸಿದ ಬಿಳಿಯ ಹೊಳಪು ಹಚ್ಚಿ, ನೀಲಿ ಬಣ್ಣದಲ್ಲಿ ಬರೆಯತೊಡಗಿದರು.

ಇರಾನಿನ ನಿಶಾಪುರ ಮತ್ತು ಮಧ್ಯ ಏಷ್ಯಾದ ಸಮರ್‌ಕಂದ್ ಸೀಮೆಯಲ್ಲಿ ಸಾಮಾನೀ ಅರಸರ ಕಾಲದ ಕುಂಬಾರರು ಬಿಳಿ ಹಿನ್ನೆಲೆಯ ಅಂಚಿನ ಸುತ್ತ ಕೂಫಿ ಲಿಪಿಯಲ್ಲಿ ನೀತಿಮಾತುಗಳನ್ನು ಬರೆದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಅಂತಹ ಒಂದು ಬೋಗುಣಿಯ ಬಾಯಿ ಸುಮಾರು 45 ಸೆಂಟಿಮೀಟರ್ ಅಗಲವಿದೆ. ಕೆಲಸಕ್ಕೆ ಮುನ್ನ ಯೋಚಿಸಿದವನಿಗೆ ಪಶ್ಚಾತ್ತಾಪವಿಲ್ಲ ಎಂಬುದು ಅದರ ಬರಹದ ತಾತ್ಪರ್ಯ. ಮಣ್ಣಿನ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತಿಲ್ಲ. ಮಣ್ಣು ಒಣಗಿ ಬೆಂದಾಗ ಸಾಮಾನ್ಯವಾಗಿ ಹತ್ತನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಅಂದರೆ ಹಸಿಯಿದ್ದಾಗ ಅದು ಅರ್ಧ ಮೀಟರಿನಷ್ಟು ಅಗಲವಿದ್ದಿರಬೇಕು. ಅದನ್ನು ಇಳಿಸುವುದು ಹೇಗೆಂದು ಮಣ್ಣು ಮುಟ್ಟುವ ಮೊದಲೇ ನಿಶ್ಚಯಿಸಿಕೊಳ್ಳದೆ ಯಾವ ಕುಂಬಾರನೂ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಇರಾನಿನ ಕಾಶಾನ್ ನಗರದ ಪ್ರಸಿದ್ಧ ಕುಂಬಾರ ಮನೆತನದಲ್ಲಿ ಹುಟ್ಟಿದ ಅಬುಲ್ ಕಾಸಿಮ್ 1301ರಲ್ಲಿ ಈ ಕಸುಬಿನ ಬಗ್ಗೆ ಬರೆದನು. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿಮಣ್ಣು ಎಂಬ ಮಿಶ್ರಣದ ಲೆಕ್ಕವನ್ನು ಅವನು ಕೊಡುತ್ತಾನೆ. ಹೊಳಪು, ಬಣ್ಣಗಳ ಪಾಕವನ್ನು ವಿವರವಾಗಿ ಹೇಳುತ್ತಾನೆ. ಚಕ್ರದ ಕೆಲಸಕ್ಕೆ ಬಂದಾಗ ಮಾತು ಚುಟುಕಾಗುತ್ತದೆ: ಉಸ್ತಾದನು ಪಾತ್ರೆ ಮಾಡುತ್ತಾನೆ, ಅರೆ ಒಣಗಿದ ಮೇಲೆ ಮತ್ತೆ ಚಕ್ರದಲ್ಲಿ ಕೆರೆದು ಕಾಲು ಕೂಡಿಸುತ್ತಾನೆ. ಹಸಿ ಮತ್ತು ಅರೆ ಒಣಗಿದ ಸ್ಥಿತಿಗಳ ನಡುವಿನ ಆ ಗಂಟೆಗಳಲ್ಲೇ ಹಲಗೆಯ ಕೆಲಸ. ಪಾಕಗಳು ಬರಹಕ್ಕೆ ಬಂದವು, ಕೈಗಳ ಅರಿವು ಕೈಯಿಂದ ಕೈಗೆ ಮಾತ್ರ ದಾಟಿತು.

ನಮ್ಮ ನಾಡಿನಲ್ಲಿ ಕುಂಬಾರನಿಗೆ ತಟ್ಟೆ ಮಾಡುವ ಅಗತ್ಯ ಅಷ್ಟಾಗಿ ಬರಲಿಲ್ಲ. ಬಾಳೆ ಎಲೆ, ಮುತ್ತುಗದ ಎಲೆ, ಕಂಚು ಆ ಜಾಗದಲ್ಲಿದ್ದವು. ಒಮ್ಮೆ ಉಂಡ ಮಣ್ಣಿನ ಪಾತ್ರೆಯನ್ನು ಮತ್ತೆ ಬಳಸಬಾರದೆಂಬ ಮೈಲಿಗೆಯ ಭಾವನೆಯೂ ಇತ್ತು. ಕೋಲಿನಿಂದ ತಿರುಗಿಸುವ ಭಾರವಾದ ತಿಗರಿಯ ನಡುವೆ ಮಣ್ಣಿನ ಗುಡ್ಡೆಯಿಟ್ಟು, ಅದರ ತುದಿಯಿಂದ ಹಣತೆ, ಕುಡಿಕೆಗಳನ್ನು ಒಂದೊಂದಾಗಿ ದಾರದಿಂದ ಕತ್ತರಿಸುವ ಕ್ರಮಕ್ಕೆ ಹಲಗೆ ಬೇಕಿರಲಿಲ್ಲ. ಆದರೆ ಅರಬಿಯ 'ತಬಕ್' ಎಂಬ ಪದ ಕನ್ನಡಕ್ಕೆ 'ತಬಕು' ಆಗಿ ಬಂದು, ಎಲೆ ಅಡಿಕೆಯ ತಟ್ಟೆಯಾಗಿ ಎಲ್ಲರ ಮನೆಯಲ್ಲೂ ನೆಲೆಸಿತು. ಕರಾವಳಿಯ ಮುಸ್ಲಿಮರ ಮದುವೆ ಊಟದಲ್ಲಿ ಒಂದೇ ತಟ್ಟೆಗೆ ಹಲವರು ಕೈ ಹಾಕುವ ರೂಢಿ ಇಂದಿಗೂ ಇದೆ.

ಇದು ಬರೀ ಹಳೆಯ ಕಥೆಯಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಲ್ಲಿ ಆರಂಭಿಸಿದ ಕುಂಬಾರ ಸಬಲೀಕರಣ ಯೋಜನೆಯಡಿ ದೇಶದ ಅನೇಕ ಕಡೆ ವಿದ್ಯುತ್ ತಿಗರಿಗಳನ್ನು ಹಂಚಲಾಗಿದೆ. ಮಡಕೆಯ ಬಳಕೆ ಇಳಿದಿರುವಾಗ ಕುಂಬಾರನ ಕೈಗೆ ತಟ್ಟೆ, ಬಟ್ಟಲಿನ ಕೆಲಸವೂ ಸಿಗಬೇಕು. ಅದಕ್ಕೆ ಯಂತ್ರವೊಂದೇ ಸಾಲದು. ಒಂದು ತಿಗರಿಗೆ ಒಂದೇ ಹಲಗೆ ಇದ್ದರೆ ಮೊದಲ ತಟ್ಟೆ ಗಟ್ಟಿಯಾಗುವ ತನಕ ತಿಗರಿ ಸುಮ್ಮನೆ ನಿಲ್ಲುತ್ತದೆ. ಇಪ್ಪತ್ತು ಹಲಗೆಗಳಿದ್ದರೆ ದಿನಕ್ಕೆ ಇಪ್ಪತ್ತು ತಟ್ಟೆ ಮಾಡಿ ಸಾಲಾಗಿ ಇಡಬಹುದು. ಚಕ್ರ ಕೊಡುವವರು ಹಲಗೆಯನ್ನೂ, ಅದನ್ನು ಭದ್ರವಾಗಿ ಕೂರಿಸುವ ವಿದ್ಯೆಯನ್ನೂ ಕೊಡಬೇಕು. ಅವೆರಡೂ ಇಲ್ಲದೆ ಹೋದರೆ ವಿದ್ಯುತ್ ತಿಗರಿಯಲ್ಲೂ ಹಳೆಯ ಹಣತೆಗಳೇ ಹುಟ್ಟುತ್ತವೆ.