ದಂಡಿನ ವೈದ್ಯರ ಸ್ವಂತ ಕೆಲಸ

ನಿಜಾಮ ಸಿಕಂದರ್ ಜಾಹನ ಹೆಸರನ್ನು ಧರಿಸಿ 1806ರಲ್ಲಿ ನೆಲೆಗೊಂಡ ಸಿಕಂದರಾಬಾದು, ಸಿಪಾಯಿಗಳ ಕವಾಯತಿಗೂ ಅಧಿಕಾರಿಗಳ ವರ್ಗಾವರ್ಗಿಗೂ ನಿರ್ಮಿತವಾದ ದಂಡಿನ ಊರೇ ಹೊರತು, ವಿಜ್ಞಾನದ ಆಶ್ರಮವಾಗಲೆಂಬ ಸಂಕಲ್ಪದಿಂದ ಹುಟ್ಟಿದುದಲ್ಲ. ಹೀಗಿದ್ದೂ 1897ನೆಯ ಇಸವಿಯ ಆಗಸ್ಟ್ 20ರಂದು, ಸೊಳ್ಳೆಯ ಜಠರದೊಳಗೆ ಮಲೇರಿಯಾ ಪರೋಪಜೀವಿಯು ಬೆಳೆಯುತ್ತಿರುವುದನ್ನು ಮನುಷ್ಯನ ಕಣ್ಣು ಮೊದಲು ಕಂಡದ್ದು ಇದೇ ಊರಿನ ಬೇಗಂಪೇಟೆಯಲ್ಲಿ. ಕಂಡವರು ಸಂಶೋಧನೆಗೆಂದು ನಿಯುಕ್ತರಾದ ವಿದ್ವಾಂಸರಲ್ಲ. ಮದರಾಸ್ ಪದಾತಿಯ 19ನೆಯ ಪಟಾಲಮಿನ ವೈದ್ಯ ರೊನಾಲ್ಡ್ ರಾಸ್. ಸಂಬಳದ ಉದ್ಯೋಗವೂ ಅಂತಃಪ್ರೇರಣೆಯ ಕಾರ್ಯವೂ ಒಂದೇ ಬಾಳಿನಲ್ಲಿ ಹೇಗೆ ಕೂಡಿಯಾವು ಎಂಬ ಪ್ರಶ್ನೆಗೆ ಇವರ ಚರಿತ್ರೆಯು ವಿಚಾರಾರ್ಹವಾದ ಉತ್ತರವನ್ನು ನೀಡುತ್ತದೆ.

1857ರಲ್ಲಿ ಅಲ್ಮೋರದಲ್ಲಿ ಜನಿಸಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿದ ರಾಸರಿಗೆ ಮೊದಲಿನಿಂದಲೂ ಕಾವ್ಯ, ಕಾದಂಬರಿ, ಗಣಿತಗಳಲ್ಲಿ ಅತ್ಯಾಸಕ್ತಿಯಿತ್ತು. ದಂಡಿನ ಆಸ್ಪತ್ರೆಯ ಕೆಲಸವು ತೀರಿದ ಬಳಿಕ ಉಳಿಯುವ ದೀರ್ಘವಾದ ಹೊತ್ತನ್ನು ಅವರು ಇವುಗಳಿಗೇ ಮೀಸಲಿಡುತ್ತಿದ್ದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತಮ್ಮ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಹೊರಳಾಡುವುದನ್ನು ಕಂಡು, ಅದನ್ನು ಬರಿದುಮಾಡಿಸಿದೊಡನೆ ಕಾಟವು ತಗ್ಗಿದುದನ್ನು ಗಮನಿಸಿದ್ದರು. ಆದರೆ ಆ ಚದುರಿದ ಕುತೂಹಲಕ್ಕೆ ಒಂದು ಗುರಿ ಲಭಿಸಿದ್ದು 1894ರಲ್ಲಿ, ಲಂಡನ್ನಿನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು ಕಂಡಾಗ. ವೈದ್ಯ ಲಾವೆರಾನ್ 1880ರಲ್ಲಿ ರೋಗಿಯ ರಕ್ತದಲ್ಲಿ ಗುರುತಿಸಿದ್ದ ಪರೋಪಜೀವಿಯು ಸೊಳ್ಳೆಯ ದೇಹವನ್ನೂ ಹೊಗುತ್ತಿರಬೇಕೆಂಬ ಮ್ಯಾನ್ಸನ್ನರ ಊಹೆಯನ್ನು ಮನಸ್ಸಿನಲ್ಲಿ ಹೊತ್ತು, ರಾಸರು ಮರುವರ್ಷ ಸಿಕಂದರಾಬಾದಿಗೆ ಬಂದರು.

ಇಲ್ಲಿ ಉದ್ಯೋಗವು ಅವರ ಸ್ವಂತ ಕಾರ್ಯಕ್ಕೆ ಬೇಕಾದುದನ್ನೆಲ್ಲ ಒದಗಿಸಿತೆಂಬುದನ್ನು ಮರೆಯಲಾಗದು. ಜ್ವರಪೀಡಿತರಾದ ಸಿಪಾಯಿಗಳೂ, ಆಸ್ಪತ್ರೆಯ ಸಹಾಯಕರೂ, ಬಿಡುವಿನ ಮಧ್ಯಾಹ್ನಗಳೂ ಸರ್ಕಾರದ ಕೃಪೆಯಿಂದಲೇ ದೊರೆತವು. ಆದರೆ ಕೊಟ್ಟ ಕೈಯೇ ಕಿತ್ತುಕೊಳ್ಳಲೂ ಸಮರ್ಥವಾಗಿತ್ತು. 1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ತಲೆದೋರಲು, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ನಗರನೈರ್ಮಲ್ಯದ ಕಾರ್ಯಕ್ಕೆ ಅವರು ತೆರಳಬೇಕಾಯಿತು. ಅದು ವ್ಯರ್ಥವಾದ ಕಾಲವೆಂದು ನಾನು ಎಣಿಸಲಾರೆ. ಚರಂಡಿ, ಬಾವಿ, ತಿಪ್ಪೆಗಳ ನಡುವೆ ಅಲ್ಲಿ ಗಳಿಸಿದ ಅನುಭವವೇ, ಮುಂದೆ ನಿಂತ ನೀರನ್ನು ನಿವಾರಿಸಿ ಸೊಳ್ಳೆಯ ಸಂತತಿಯನ್ನು ತಗ್ಗಿಸಬೇಕೆಂದು ಅವರು ಮಾಡಿದ ಬೋಧನೆಗೆ ಬಲವನ್ನಿತ್ತಿತು. 1897ರ ಬೇಸಗೆಯಲ್ಲಿ ದೊರೆತ ರಜೆಯನ್ನೂ ಅವರು ವಿಶ್ರಾಂತಿಗೆ ವಿನಿಯೋಗಿಸಲಿಲ್ಲ. ಉದಕಮಂಡಲದ ಕೆಳಗಿನ ಸೀಗೂರು ಘಟ್ಟದಲ್ಲಿ ಮಲೇರಿಯಾವನ್ನು ಅರಸಲು ಹೋಗಿ, ತಾವೇ ಅದಕ್ಕೆ ತುತ್ತಾದರು.

ಆ ವರ್ಷದ ಜೂನಿನಲ್ಲಿ ಸಿಕಂದರಾಬಾದಿಗೆ ಮರಳಿದ ಮೇಲೆ ನಡೆದ ತಪಸ್ಸು ನಿಜವಾಗಿಯೂ ದುಸ್ಸಹವಾದುದು. ಗಾಳಿಗೆ ಸೊಳ್ಳೆಗಳು ಹಾರಿಹೋಗುವುವೆಂದು ಪಂಖಾವನ್ನು ನಿಲ್ಲಿಸಿ, ಉರಿಸೆಕೆಯಲ್ಲಿ ಬಾಗಿ ಕುಳಿತಿರಲು, ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದುವು. ಉಳಿದಿದ್ದ ಒಂದೇ ನೇತ್ರಕಾಚವೂ ಬಿರುಕು ಬಿಟ್ಟಿತು. ಅಷ್ಟು ಕಾಲ ಪರೀಕ್ಷಿಸಿದ ಸೊಳ್ಳೆಗಳು ಬೇರೆ ಜಾತಿಯವಾದ್ದರಿಂದ ಶ್ರಮವೆಲ್ಲವೂ ನಿಷ್ಫಲವಾಗಿತ್ತು. ಕೊನೆಗೆ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ, ಇಂದು ಅನಾಫಿಲೀಸ್ ಎನಿಸುವ ಸೊಳ್ಳೆಗಳು ದೊರೆತುವು. ಸೊಳ್ಳೆಗೊಂದಾಣೆಯಂತೆ ಪಡೆದು ತನ್ನ ಮೈಯನ್ನೊಡ್ಡಿದ ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಅವು ಆಗಸ್ಟ್ 16ರಂದು ಹೀರಿದುವು. ನಾಲ್ಕು ದಿನಗಳ ತರುವಾಯ, ಅವುಗಳಲ್ಲೊಂದರ ಜಠರಭಿತ್ತಿಯಲ್ಲಿ ಕಪ್ಪು ವರ್ಣಕಣಗಳಿಂದ ಕೂಡಿದ ದುಂಡನೆಯ ಕೋಶಗಳು ಕಾಣಿಸಿದುವು. ಮರುದಿನ ಸೀಳಿದ ಇನ್ನೊಂದರಲ್ಲಿ ಅವು ಇನ್ನೂ ದೊಡ್ಡವಾಗಿದ್ದುದರಿಂದ, ಅವು ಬೆಳೆಯುವ ಜೀವಗಳೆಂಬುದು ನಿಶ್ಚಿತವಾಯಿತು.

ಆದರೆ ಮರುತಿಂಗಳೇ ವರ್ಗದ ಆಜ್ಞೆ ಬಂದಿತು. ಜ್ವರದ ರೋಗಿಗಳೇ ವಿರಳವಾಗಿದ್ದ ರಾಜಪುತಾನದ ಖೇರವಾಡದಲ್ಲಿ ಆ ಕಾರ್ಯವು ಕುಂಠಿತವಾಗಿ, ಮ್ಯಾನ್ಸನ್ನರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಯಲ್ಲಿ ವಿಶೇಷ ನಿಯೋಗವು ದೊರೆತ ಅನಂತರವೇ ಮುಂದುವರಿಯಿತು. ಅಲ್ಲಿ ಪಕ್ಷಿಗಳ ಮಲೇರಿಯಾವನ್ನು ಆಧಾರವಾಗಿಟ್ಟುಕೊಂಡು, ಸೊಳ್ಳೆಯ ಲಾಲಾಗ್ರಂಥಿಯ ಮೂಲಕ ರೋಗವು ಹರಡುವುದೆಂದು ಅವರು ರುಜುವಾತುಪಡಿಸಿದರು; 1902ರಲ್ಲಿ ನೊಬೆಲ್ ಪಾರಿತೋಷಿಕವು ಅವರಿಗೆ ಸಂದಿತು.

ಅದೇ ಸಿಕಂದರಾಬಾದಿನಲ್ಲಿ ಇಂದು ಗಣಕಯಂತ್ರದ ಆಟಗಳನ್ನು ರಚಿಸುವ ಯುವಕ ಯುವತಿಯರು, ಹಗಲೆಲ್ಲ ಕಂಪನಿಯು ಒಪ್ಪಿಸಿದ ಪಾತ್ರಗಳಿಗೂ ಲೋಕಗಳಿಗೂ ರೂಪು ಕೊಟ್ಟು, ರಾತ್ರಿಯಲ್ಲಿ ತಮ್ಮದೇ ಆದ ಆಟವೊಂದನ್ನು ಕಟ್ಟಲು ಕುಳಿತುಕೊಳ್ಳುವಾಗ, ಇದೇ ಹಳೆಯ ಸಮಸ್ಯೆಯು ಅವರೆದುರಿಗೂ ನಿಲ್ಲುತ್ತದೆ. ಹಗಲಿನ ಉದ್ಯೋಗವು ಕಲಿಸಿದ ಕೌಶಲವೇ ರಾತ್ರಿಯ ಬಂಡವಾಳ. ಹಗಲು ಹೀರಿಕೊಂಡ ಶಕ್ತಿಯೇ ರಾತ್ರಿಯ ಕೊರತೆ. ಇವೆರಡನ್ನೂ ಸರಿದೂಗಿಸುವ ಹೊಣೆಯನ್ನು ಕೆಲಸಗಾರನ ನಿದ್ರೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂದು ರಾಸರ ಚರಿತ್ರೆಯು ಸಾರುತ್ತದೆ. ಅವರ ಛಲವು ಬೇಗಂಪೇಟೆಯ ಆ ಮಧ್ಯಾಹ್ನದವರೆಗೆ ಅವರನ್ನು ಕೊಂಡೊಯ್ದಿತು. ಅಲ್ಲಿಂದ ಮುಂದಕ್ಕೆ ಕಾರ್ಯವನ್ನು ಪೂರೈಸಲು ಸರ್ಕಾರವು ಕೊಟ್ಟ ಕಾಲಾವಕಾಶವು ಬೇಕಾಯಿತು. ಆದುದರಿಂದ ನೌಕರನ ಸ್ವಂತ ಸಾಧನೆಗೆ ಎಡೆಮಾಡಿಕೊಡುವುದನ್ನು ಯಜಮಾನರು ಔದಾರ್ಯವೆಂದು ಭಾವಿಸದೆ ಕರ್ತವ್ಯವೆಂದೇ ಎಣಿಸಬೇಕು. ಏಕೆಂದರೆ ಯಾರೂ ಆಜ್ಞಾಪಿಸದ ಆ ಕೆಲಸದಿಂದಲೇ ಲೋಕಕ್ಕೆ ಅತ್ಯಂತ ಅಗತ್ಯವಾದ ಫಲವು ಲಭಿಸುವುದುಂಟು.